ಮಳೆ ನೋಡದೆ ಅಳೆದ ಭೂಮಿ

ಅಮೆರಿಕದ ನೆಬ್ರಾಸ್ಕ ರಾಜ್ಯದ ನಟ್ಟನಡುವೆ ಕಸ್ಟರ್ ಎಂಬ ಕೌಂಟಿ ಇದೆ. 1880ರ ಜನಗಣತಿಯಲ್ಲಿ ಅಲ್ಲಿದ್ದವರು 2,211 ಜನ. 1890ರಲ್ಲಿ 21,677. 1900ರ ಹೊತ್ತಿಗೆ 19,758. ಗದಗ ಸೀಮೆಯ ಒಣಬೇಸಾಯದ ಹಳ್ಳಿಗಳಲ್ಲಿ ಕೃಷಿ ಇಲಾಖೆಯ ನೌಕರಿ ಮಾಡಿ ನಿವೃತ್ತನಾದ ನನಗೆ ಈ ಏರಿಳಿತ ಹೊಸದಲ್ಲ. ಹತ್ತು ವರ್ಷದಲ್ಲಿ ಹತ್ತು ಪಟ್ಟು ಜನ ಬಂದರು ಎಂದರೆ ಭೂಮಿಯ ಆಸೆ ಎಷ್ಟಿರಬೇಕು, ಮುಂದಿನ ಹತ್ತು ವರ್ಷದಲ್ಲಿ ಜನ ಕಡಿಮೆಯಾದರು ಎಂದರೆ ಮಳೆ ಎಷ್ಟು ಕೈಕೊಟ್ಟಿರಬೇಕು ಎಂದು ಮನಸ್ಸು ತಾನೇ ಲೆಕ್ಕ ಹಾಕುತ್ತದೆ.

ಆ ನೆಲ ಯಾರೂ ಇಲ್ಲದ ಪಾಳುನೆಲವಾಗಿರಲಿಲ್ಲ. ಲೂಪ್ ನದಿಯ ಬಯಲುಗಳಲ್ಲಿ ಪಾನೀ ಜನ ತಲೆಮಾರುಗಳಿಂದ ಬದುಕಿದ್ದರು. ಮರದ ಕಂಬ ನೆಟ್ಟು, ಮೇಲೆ ಮಣ್ಣು ಮುಚ್ಚಿದ ದೊಡ್ಡ ದುಂಡು ಮನೆಗಳು ಅವರವು. ಹೊಳೆದಂಡೆಯ ತೇವದ ನೆಲದಲ್ಲಿ ಹೆಂಗಸರು ಗೋವಿನಜೋಳ, ಅವರೆ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದರು. ವರ್ಷಕ್ಕೆ ಎರಡು ಸಲ ಊರಿಗೆ ಊರೇ ಕಾಡೆಮ್ಮೆಗಳ ಬೇಟೆಗೆ ಹುಲ್ಲುಗಾವಲಿಗೆ ಹೋಗುತ್ತಿತ್ತು. ನೀರಿದ್ದಲ್ಲಿ ಬೆಳೆ, ನೀರಿಲ್ಲದಲ್ಲಿ ಹುಲ್ಲು ಮತ್ತು ಪ್ರಾಣಿ: ಒಣಸೀಮೆಯ ಬೇಸಾಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಒಪ್ಪಂದಗಳ ಹೆಸರಿನಲ್ಲಿ ಅವರ ನೆಲ ತುಂಡುತುಂಡಾಗಿ ಹೋಯಿತು. 1870ರ ದಶಕದ ನಡುವೆ ಅವರನ್ನು ದಕ್ಷಿಣಕ್ಕೆ, ಈಗಿನ ಓಕ್ಲಹೋಮಕ್ಕೆ ಸಾಗಿಸಲಾಯಿತು. ಕಸ್ಟರ್ ಕೌಂಟಿ ಕಾಗದದ ಮೇಲೆ ಹುಟ್ಟಿದ್ದು 1877ರಲ್ಲಿ.

ಹೊಸಬರನ್ನು ಕರೆತಂದದ್ದು 1862ರ ಹೋಮ್‌ಸ್ಟೆಡ್ ಕಾಯ್ದೆ. ಅಬ್ರಹಾಂ ಲಿಂಕನ್ ಸಹಿ ಹಾಕಿದ ಈ ಕಾಯ್ದೆಯ ಪ್ರಕಾರ ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಮನೆ ಕಟ್ಟಿ ಸಾಗುವಳಿ ಮಾಡಿದವರಿಗೆ 160 ಎಕರೆ ಸ್ವಂತ. ಮದುವೆಯಾಗದ ಹೆಣ್ಣುಮಕ್ಕಳಿಗೂ ಗುಲಾಮಗಿರಿಯಿಂದ ಬಿಡುಗಡೆಯಾದವರಿಗೂ ಈ ಹಕ್ಕಿತ್ತು. ಜೀತದ ನೆನಪು ಇನ್ನೂ ಆರದ ಕಾಲದಲ್ಲಿ ಅದು ದೊಡ್ಡ ಮಾತು. ಆದರೆ 160 ಎಕರೆ ಎಂಬ ಲೆಕ್ಕ ಬಂದದ್ದು ಮಳೆ ಚೆನ್ನಾಗಿ ಆಗುವ ಪೂರ್ವದ ರಾಜ್ಯಗಳಿಂದ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಹಾಕಿ, ಅದನ್ನು 36 ಭಾಗ ಮಾಡಿ, ಪ್ರತಿ ಭಾಗದ ಕಾಲಂಶವೇ 160 ಎಕರೆ. ಸರಪಳಿ ಹಿಡಿದ ಸರ್ವೆಯವರು ಗುಡ್ಡವನ್ನೂ ಕೊರಕಲನ್ನೂ ಕಪ್ಪು ನೆಲವನ್ನೂ ಒಂದೇ ಚೌಕದಲ್ಲಿ ಅಳೆದರು. ಇಲ್ಲಿ ನನಗೆ ನಮ್ಮ ಧಾರವಾಡ ಸೀಮೆ ನೆನಪಾಗುತ್ತದೆ. 1840ರ ದಶಕದಲ್ಲಿ ಕಂದಾಯದ ಮೋಜಣಿ ಮಾಡಿಸಿದ ವಿಂಗೇಟ್ ಸಾಹೇಬನ ಸಿಬ್ಬಂದಿ ಮಣ್ಣಿನ ಬಣ್ಣ, ಆಳ ನೋಡಿ ಹೊಲಕ್ಕೆ ದರ್ಜೆ ಹಾಕುತ್ತಿದ್ದರು. ಅವರ ಉದ್ದೇಶ ತೆರಿಗೆ ಎತ್ತುವುದಾದರೂ ಕಾಲಕೆಳಗಿನ ಮಣ್ಣನ್ನು ಅವರು ಮುಟ್ಟಿ ನೋಡಿದ್ದರು.

ಮರವೇ ಅಪರೂಪವಾದ ಬಯಲಿನಲ್ಲಿ ಮನೆ ಕಟ್ಟುವುದು ಹೇಗೆ? ಕಾಲಕೆಳಗಿನ ನೆಲವನ್ನೇ ಎತ್ತಿ ಕಟ್ಟಿದರು. ಹುಲ್ಲಿನ ಬೇರು ಹೆಣೆದುಕೊಂಡ ಗಟ್ಟಿ ಪದರವನ್ನು ವಿಶೇಷ ನೇಗಿಲಿನಿಂದ ಒಂದಡಿ ಅಗಲದ ಪಟ್ಟಿಗಳಾಗಿ ಸೀಳಿ, ಮೂರಡಿ ಉದ್ದಕ್ಕೆ ಕತ್ತರಿಸಿ, ಹುಲ್ಲಿನ ಮಗ್ಗುಲು ಕೆಳಗೆ ಮಾಡಿ ಇಟ್ಟಿಗೆಯ ಹಾಗೆ ಪೇರಿಸುತ್ತಿದ್ದರು. ಒಂದು ಸಾಧಾರಣ ಮನೆಗೆ ಹೆಚ್ಚುಕಡಿಮೆ ಒಂದು ಎಕರೆಯ ಹುಲ್ಲುಹೆಂಟೆ ಬೇಕಾಗುತ್ತಿತ್ತು. ಕೊರಕಲುಗಳಲ್ಲಿ ಬೆಳೆದ ಸೀಡರ್ ಮರ ತಂದು ತೊಲೆ ಹಾಕಿ, ಮೇಲೆ ಟೊಂಗೆ ಹಾಸಿ, ಅದರ ಮೇಲೆ ಮತ್ತೆ ಹೆಂಟೆ. ಗೋಡೆ ಎರಡಡಿ ದಪ್ಪ. ನಮ್ಮ ಕಡೆಯ ಮಾಳಿಗೆ ಮನೆಯಂತೆ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಜೋರು ಮಳೆ ಬಂದರೆ ಮಾತ್ರ ಸೂರಿನಿಂದ ಕೆಸರು ಇಳಿಯುತ್ತಿತ್ತು. ಮಣ್ಣು, ಹುಳ, ಹಾವು ಅಡುಗೆಯ ಮೇಲೆ ಬೀಳದಿರಲೆಂದು ಹೆಂಗಸರು ಒಳಮಾಳಿಗೆಗೆ ಬಟ್ಟೆ ಬಿಗಿಯುತ್ತಿದ್ದರು. ಗೋಡೆಗೆ ಸುಣ್ಣ ಬಳಿದು, ದಪ್ಪ ಗೋಡೆಯ ಕಿಟಕಿಯಲ್ಲಿ ಹೂವಿನ ಕುಂಡ ಇಡುತ್ತಿದ್ದರು.

ಇದೆಲ್ಲ ನಮಗೆ ಕಣ್ಣಾರೆ ಕಾಣುವುದು ಸಾಲಮನ್ ಬುಚರ್ ಎಂಬಾತನಿಂದ. ಬೇಸಾಯ ಒಗ್ಗದ ಆತ 1886ರಿಂದ ಕ್ಯಾಮೆರಾ, ಗಾಜಿನ ಫಲಕಗಳನ್ನು ಗಾಡಿಯಲ್ಲಿ ಹೇರಿಕೊಂಡು ಕಸ್ಟರ್ ಕೌಂಟಿಯ ಮನೆಮನೆಗೆ ಹೋದ. ಅದೇ ವರ್ಷ ತೆಗೆದ ಒಂದು ಚಿತ್ರದಲ್ಲಿ ಕ್ರಿಸ್ಮನ್ ಮನೆತನದ ನಾಲ್ವರು ಅಕ್ಕತಂಗಿಯರು ಹೆಂಟೆ ಮನೆಯ ಮುಂದೆ ಕುದುರೆಗಳೊಂದಿಗೆ ನಿಂತಿದ್ದಾರೆ. 1887ರ ಇನ್ನೊಂದರಲ್ಲಿ ಗುಲಾಮಗಿರಿ ಕಂಡುಂಡಿದ್ದ ಜೆರ್ರಿ ಶೋರ್ಸ್ ತನ್ನ ಕುಟುಂಬದೊಂದಿಗೆ ಸ್ವಂತ ಮನೆಯ ಅಂಗಳದಲ್ಲಿ ಕುಳಿತಿದ್ದಾನೆ. ಮೇಜು, ಕುರ್ಚಿ, ಹಸು, ನಾಯಿ, ಹೊಲಿಗೆ ಯಂತ್ರ, ಮನೆಯಲ್ಲಿದ್ದ ಒಳ್ಳೆಯದನ್ನೆಲ್ಲ ಜನ ಹೊರಗೆ ತಂದಿಟ್ಟು ಚಿತ್ರ ತೆಗೆಸಿಕೊಂಡರು. ಆ ಮುಖಗಳಲ್ಲಿರುವ ಸ್ವಾಭಿಮಾನಕ್ಕೆ ನಾನು ತಲೆಬಾಗುತ್ತೇನೆ.

ಮೊದಲ ವರ್ಷದ ಬೆಳೆ ಗೋವಿನಜೋಳವೇ. ಆಗಷ್ಟೇ ಮಗುಚಿದ ನೆಲದಲ್ಲಿ ಕೊಡಲಿಯಿಂದ ಕಚ್ಚು ಹಾಕಿ, ಕಾಳು ಹಾಕಿ, ಕಾಲಿನಿಂದ ತುಳಿದು ಮುಚ್ಚುತ್ತಿದ್ದರು. ಬೇರು ಕೊಳೆತು ಮಣ್ಣು ಹದವಾಗಲು ಒಂದೆರಡು ಹಂಗಾಮು ಬೇಕು. ಆಮೇಲೆ ಗೋಧಿ, ಓಟ್ಸ್. ಉರುವಲಿಗೆ ಒಣ ಸಗಣಿ, ಹೊಸೆದ ಹುಲ್ಲು, ಜೋಳದ ದಿಂಡು. ಎತ್ತರದ ದಿಣ್ಣೆಗಳಲ್ಲಿ ಬಾವಿಯನ್ನು ನೂರಾರು ಅಡಿ ತೋಡಬೇಕಿತ್ತು. ಅಷ್ಟು ಶಕ್ತಿಯಿಲ್ಲದವರು ಮೈಲಿಗಟ್ಟಲೆ ದೂರದಿಂದ ಪೀಪಾಯಿಯಲ್ಲಿ ನೀರು ಹೊತ್ತು ತರುತ್ತಿದ್ದರು. 1874ರಲ್ಲಿ ಮಿಡತೆಗಳ ಮೋಡ ನೆಬ್ರಾಸ್ಕ, ಕಾನ್ಸಾಸ್‌ಗಳ ಪೈರನ್ನು ಬುಡಮಟ್ಟ ತಿಂದುಹೋಗಿತ್ತು. 1888ರ ಜನವರಿ 12ರ ಹಿಮಗಾಳಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳನ್ನೂ ಬಲಿ ತೆಗೆದುಕೊಂಡಿತು.

ಇಷ್ಟಾದರೂ ಜನ ಬಂದರು. 1886ರಲ್ಲಿ ಕೌಂಟಿಯ ಮುಖ್ಯ ಊರಾದ ಬ್ರೋಕನ್ ಬೋಗೆ ರೈಲು ಬಂತು. ಆ ವರ್ಷಗಳಲ್ಲಿ ಮಳೆಯೂ ಚೆನ್ನಾಗಿತ್ತು. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂದು ಪ್ರಚಾರಕರು ಸಾರಿದರು. ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಔಗಿಯೇ, ಉತ್ತ ನೆಲ ನೀರು ಹೀರಿ ಆಕಾಶಕ್ಕೆ ಮರಳಿಸುವುದರಿಂದ ಮಳೆ ಹೆಚ್ಚುತ್ತದೆ ಎಂದು ವಾದಿಸಿದ. ಎದುರು ದನಿಯೂ ಇತ್ತು. ಜಾನ್ ವೆಸ್ಲಿ ಪವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟು, 20 ಅಂಗುಲಕ್ಕಿಂತ ಕಡಿಮೆ ಮಳೆಯಾಗುವಲ್ಲಿ ನೀರಾವರಿಯಿಲ್ಲದ ಬೇಸಾಯ ನಂಬಲರ್ಹವಲ್ಲ, ಬರೀ ಹುಲ್ಲಿನ ಸೀಮೆಯಲ್ಲಿ ಒಂದು ಕುಟುಂಬಕ್ಕೆ 2,560 ಎಕರೆ ಬೇಕು ಎಂದಿದ್ದ. ಕಸ್ಟರ್ ಕೌಂಟಿ ಇರುವುದು ಆ 20 ಅಂಗುಲದ ಗೆರೆಯ ಹತ್ತಿರದಲ್ಲೇ. ಒಂದು ವರ್ಷ ಆ ಕಡೆ, ಇನ್ನೊಂದು ವರ್ಷ ಈ ಕಡೆ. ಪವೆಲ್‌ನ ಮಾತಿಗೆ ಯಾರೂ ಕಿವಿಗೊಡಲಿಲ್ಲ.

1890ರಲ್ಲಿ ಬರ. 1894ರಲ್ಲಿ ಅದಕ್ಕಿಂತ ಘೋರ ಬರ. ಸಾಲದ ಬಡ್ಡಿ, ರೈಲಿನ ಬಾಡಿಗೆ, ಬಿದ್ದ ಧಾನ್ಯದ ಬೆಲೆ ಒಟ್ಟಿಗೆ ಹೆಗಲೇರಿದವು. ರೈತರು ಪಾಪ್ಯುಲಿಸ್ಟ್ ಪಕ್ಷದ ಬೆನ್ನಿಗೆ ನಿಂತರು. ಕಸ್ಟರ್ ಕೌಂಟಿಯ ಹೆಂಟೆ ಮನೆಯಲ್ಲಿ ಬಾಳಿದ ಓಮರ್ ಕೆಮ್ ಎಂಬ ರೈತ 1890ರ ಚುನಾವಣೆ ಗೆದ್ದು ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಹೋದ. ಆದರೆ ಗಾಡಿ ಕಟ್ಟಿಕೊಂಡು ಪೂರ್ವಕ್ಕೆ ಮರಳಿದವರೂ ಬಹಳ. ಕೊನೆಗೆ 1904ರಲ್ಲಿ ಕಿಂಕೇಡ್ ಕಾಯ್ದೆ ಬಂದು ಪಶ್ಚಿಮ ನೆಬ್ರಾಸ್ಕದಲ್ಲಿ 640 ಎಕರೆ ಕೊಡಲು ಒಪ್ಪಿತು. ಕಾನೂನು ಮಳೆಯನ್ನು ಅರಿಯಲು ನಾಲ್ಕು ದಶಕ ಹಿಡಿಯಿತು, ಆ ನಾಲ್ಕು ದಶಕದ ಬೆಲೆ ತೆತ್ತವರು ಸಣ್ಣ ರೈತರು.

ಆ ಜನರ ದುಡಿಮೆಯಲ್ಲಿ ಕೊರತೆಯಿರಲಿಲ್ಲ, ಅವರಿಗೆ ಕೊಟ್ಟ ಲೆಕ್ಕದಲ್ಲಿತ್ತು. ಇಂದು ಕಸ್ಟರ್ ಕೌಂಟಿಯಲ್ಲಿರುವವರು 1890ರ ಅರ್ಧದಷ್ಟೇ ಜನ, ಗುಡ್ಡಗಳಲ್ಲಿ ದನ ಮೇಯುತ್ತವೆ, ಹೊಳೆಬಯಲಿನಲ್ಲಿ ಗೋವಿನಜೋಳ ನಿಂತಿದೆ, ಪಾನೀ ಜನ ಆ ನೆಲವನ್ನು ಬಳಸಿದ್ದ ರೀತಿಗೆ ಇದು ಹತ್ತಿರವೇ. ಭೂಮಿ ಹಂಚುವವರು, ಯೋಜನೆ ಬರೆಯುವವರು, ನಮ್ಮ ಬಯಲುಸೀಮೆಯಲ್ಲೂ ಸರಿ, ಎಕರೆ ಎಣಿಸುವ ಮೊದಲು ಅಲ್ಲಿನ ಮಳೆಯನ್ನೂ ಮಣ್ಣನ್ನೂ, ಅಲ್ಲಿ ಹಿಂದಿನಿಂದ ಬಾಳಿದವರ ಬೇಸಾಯವನ್ನೂ ಕೇಳಿ ತಿಳಿಯಲಿ.