ಹಳೆಯ ಬಸ್ಸಿಗೂ ಒಂದು ಚರಿತ್ರೆಯಿದೆ

ಹಳೆಯ ಕಾರುಗಳ ಮೆರವಣಿಗೆ ಬೆಂಗಳೂರಿಗೆ ಹೊಸದಲ್ಲ. ಹೊಳೆಯುವ ಹಿತ್ತಾಳೆಯ ದೀಪ, ರಬ್ಬರ್ ಚೆಂಡಿನ ಹಾರನ್ನು, ಅರಸರ ಕಾಲದ ಗತ್ತು, ಇವನ್ನು ನೋಡಲು ಜನ ಸೇರುತ್ತಾರೆ. ಆದರೆ ಇಂಥ ಮೆರವಣಿಗೆಯಲ್ಲಿ ಹಳೆಯ ಬಸ್ಸು ಕಾಣಸಿಗುವುದು ಅಪರೂಪ. ಅಂದು ಕಾರಿನಲ್ಲಿ ಓಡಾಡಿದವರು ಕೆಲವರು. ಬಸ್ಸನ್ನು ನೆಚ್ಚಿದವರು ಸಾವಿರಾರು ಮಂದಿ. ಹೀಗಿದ್ದೂ ಕಾರು ಉಳಿದು, ಬಸ್ಸು ಗುಜರಿ ಸೇರಿದ್ದು ಏಕೆ? ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ ಇದು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳನ್ನು ನೋಡಿ. ನೆಲಮಂಗಲ ತುಮಕೂರು ರಸ್ತೆಯಲ್ಲಿದೆ, ದೇವನಹಳ್ಳಿ ಬಳ್ಳಾರಿ ರಸ್ತೆಯಲ್ಲಿ, ಹೊಸಕೋಟೆ ಹಳೆ ಮದ್ರಾಸ್ ರಸ್ತೆಯಲ್ಲಿ, ದೊಡ್ಡಬಳ್ಳಾಪುರ ಹಿಂದೂಪುರದ ದಾರಿಯಲ್ಲಿ. 1915ರಲ್ಲಿ ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಕಿರುಹಳಿಯ ರೈಲು ಬಂತು. ಆದರೆ ರೈಲು ನಿಲ್ಲುವುದು ನಿಲ್ದಾಣದಲ್ಲಿ. ಬಸ್ಸು ನಿಲ್ಲುವುದು ಊರ ಮುಂದಿನ ಅರಳಿಕಟ್ಟೆಯ ಬಳಿ. ಈ ವ್ಯತ್ಯಾಸವೇ ಬಸ್ಸನ್ನು ಹಳ್ಳಿಯವರ ವಾಹನವನ್ನಾಗಿ ಮಾಡಿತು.

ಭಾರತದ ದೊಡ್ಡ ನಗರಗಳಲ್ಲಿ ಮುಂಬಯಿ 1926ರ ಜುಲೈ 15ರಂದು ಮೋಟಾರು ಬಸ್ಸನ್ನು ಕಂಡಿತು. ಆ ಕಾಲದಲ್ಲಿ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಓಡುತ್ತಿದ್ದುದು ಖಾಸಗಿ ಮಾಲೀಕರ ಬಸ್ಸುಗಳು. ಲಾಭವಿದ್ದ ಕಡೆ ಪೈಪೋಟಿ, ಲಾಭವಿಲ್ಲದ ಕಡೆ ಬಸ್ಸೇ ಇಲ್ಲ ಎನ್ನುವಂಥ ಸ್ಥಿತಿ. 1939ರ ಮೋಟಾರು ವಾಹನ ಕಾಯಿದೆ ಪರ್ಮಿಟ್ಟಿನ ಕಟ್ಟುಪಾಡು ತಂದಿತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದು ಪೆಟ್ರೋಲಿಗೆ ಅಭಾವವಾಯಿತು. ಆಗ ಕಾಣಿಸಿಕೊಂಡದ್ದು ಇದ್ದಿಲಿನ ಬಸ್ಸು. ಬಸ್ಸಿಗೆ ಆಳೆತ್ತರದ ಒಲೆಯೊಂದನ್ನು ಜೋಡಿಸುತ್ತಿದ್ದರು. ಇದ್ದಿಲನ್ನು ಸಾಕಷ್ಟು ಗಾಳಿ ಸಿಗದಂತೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯಬಲ್ಲ ಅನಿಲ ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಹಾಯಿಸುತ್ತಿದ್ದರು. ಪೆಟ್ರೋಲಿನಷ್ಟು ಶಕ್ತಿ ಇದಕ್ಕಿಲ್ಲ. ಏರುದಾರಿ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತೆಂದು ಹಿರಿಯರು ನೆನೆಯುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1932ರಲ್ಲೇ 27 ಬಸ್ಸುಗಳ ಸರ್ಕಾರಿ ಸಾರಿಗೆ ಶುರುವಾಗಿತ್ತು. ಇಂದಿನ ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ಬೆಂಗಳೂರು ನಗರದಲ್ಲಿ 1940ರಿಂದ ಬಸ್ಸು ಓಡಿಸುತ್ತಿದ್ದ ಖಾಸಗಿ ಕಂಪನಿಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಾಗ ಬಿ.ಟಿ.ಎಸ್. ಎಂಬ ಹೆಸರು ಬಂತು. 1961ರ ಆಗಸ್ಟ್ 1ರಂದು ಸಾರಿಗೆ ಇಲಾಖೆ ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ನಿಗಮದ ಹೆಸರೂ ಬದಲಾಯಿತು. 1997ರಲ್ಲಿ ನಗರ ಸಾರಿಗೆ ಬಿ.ಎಂ.ಟಿ.ಸಿ.ಯಾಗಿ ಬೇರೆಯಾಯಿತು.

ಇಸವಿಗಳ ಈ ಪಟ್ಟಿಯ ಹಿಂದೆ ಒಂದು ತತ್ತ್ವವಿದೆ. ಲಾಭದ ಮಾರ್ಗದಲ್ಲಿ ದುಡಿದು, ನಷ್ಟದ ಹಳ್ಳಿ ಮಾರ್ಗವನ್ನೂ ನಡೆಸುವುದು ಸಾರ್ವಜನಿಕ ಸಾರಿಗೆಯ ಹೊಣೆ. ಬೆಳಗಿನ ಕೆಂಪು ಬಸ್ಸಿದ್ದುದರಿಂದಲೇ ಎಷ್ಟೋ ಹಳ್ಳಿಯ ಹುಡುಗ ಹುಡುಗಿಯರು ತಾಲ್ಲೂಕು ಕೇಂದ್ರದ ಕಾಲೇಜಿನ ಮೆಟ್ಟಿಲು ಹತ್ತಿದರು. ವಿದ್ಯಾರ್ಥಿಯ ಬಸ್ ಪಾಸ್ ಕೂಡ ನಮ್ಮ ಶಿಕ್ಷಣದ ಚರಿತ್ರೆಯ ಒಂದು ದಾಖಲೆ.

ಹಳೆಯ ಬಸ್ಸನ್ನು ಪುಸ್ತಕದಂತೆ ಓದಬಹುದು. ಮುಂಭಾಗದಲ್ಲಿ ಟಾಟಾ ಹೆಸರಿನ ಜೊತೆ ಮೂರು ಕಡ್ಡಿಯ ಬೆನ್ಜ್ ನಕ್ಷತ್ರವಿದ್ದರೆ, ಅದು 1954ರಿಂದ 1969ರವರೆಗಿನ ಜರ್ಮನ್ ಸಹಯೋಗದ ಗುರುತು. ನೋಂದಣಿ ಸಂಖ್ಯೆಯಲ್ಲಿ ‘ಎಫ್’ ಅಕ್ಷರ ಕಂಡರೆ ಅದು ರಾಜ್ಯದ ಸಾರಿಗೆ ನಿಗಮದ ಬಸ್ಸು. ಮನೆಯ ಹಳೆಯ ಛಾಯಾಚಿತ್ರದಲ್ಲಿ ಹಿನ್ನೆಲೆಯಾಗಿ ನಿಂತ ಬಸ್ಸೂ ಕಾಲವನ್ನು ಹೇಳೀತು.

ಆದರೆ ಓದಲು ಪುಸ್ತಕ ಉಳಿಯಬೇಕಲ್ಲ! 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಮಾನ್ಯತೆ ಕೊಡುವ ನಿಯಮ ಮಾಡಿತು. ಅದು ಅನ್ವಯಿಸುವುದು ದ್ವಿಚಕ್ರ ವಾಹನಗಳಿಗೆ ಮತ್ತು ಕಾರುಗಳಿಗೆ. ಬಸ್ಸಿಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ನಿಯಮದಂತೆ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ, ಸಾರಿಗೆ ನಿಗಮಗಳ ಬಸ್ಸುಗಳದ್ದೂ ಸೇರಿ, 2023ರ ಏಪ್ರಿಲ್ 1ರಿಂದ ರದ್ದಾಗುತ್ತದೆ. ಹೊಗೆ ಮತ್ತು ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಪ್ರತಿ ಮಾದರಿಯಲ್ಲೂ ಒಂದೊಂದನ್ನು ಪ್ರದರ್ಶನಕ್ಕೆಂದು ನಿಲ್ಲಿಸಿಕೊಳ್ಳದಿದ್ದರೆ ಮುಂದಿನವರಿಗೆ ಉಳಿಯುವುದು ಅರಸರ ಕಾರು ಮಾತ್ರ. ರಸ್ತೆಗಿಳಿಯದೆ ನಿಂತಲ್ಲೇ ನಿಂತ ಬಸ್ಸಿನಿಂದ ಹೊಗೆಯೂ ಇಲ್ಲ, ಅಪಾಯವೂ ಇಲ್ಲ.

2010ರ ಫೆಬ್ರವರಿಯಲ್ಲಿ ಬಿ.ಎಂ.ಟಿ.ಸಿ. ಪ್ರತಿ ತಿಂಗಳ 4ರಂದು ‘ಬಸ್ ದಿನ’ ಆಚರಿಸಲು ತೊಡಗಿತು. ಅದರ ಉದ್ದೇಶ ಸ್ವಂತ ವಾಹನ ಬಿಟ್ಟು ಬಸ್ಸು ಹತ್ತಿರೆಂದು ಹೇಳುವುದು. ಅದೇ ರೀತಿ ಸೆಪ್ಟೆಂಬರ್ 12ನ್ನು ಹಳೆಯ ಬಸ್ಸಿನ ದಿನವಾಗಿ ನಿಮ್ಮ ಶಾಲೆ ಕಾಲೇಜುಗಳಲ್ಲಿ ಆಚರಿಸಬಹುದು. ಅಜ್ಜಿ ತಾತಂದಿರನ್ನು ಕೇಳಿ: ಊರಿಗೆ ಮೊದಲ ಬಸ್ಸು ಎಂದು ಬಂತು? ಎಲ್ಲಿ ನಿಲ್ಲುತ್ತಿತ್ತು? ಅದರಲ್ಲಿ ಏನೇನು ಸಾಗುತ್ತಿತ್ತು? ಹಳೆಯ ಟಿಕೆಟ್ಟು, ಪಾಸು, ಫೋಟೋಗಳನ್ನು ಕೂಡಿಸಿ. ನಿವೃತ್ತ ಚಾಲಕರನ್ನೂ ನಿರ್ವಾಹಕರನ್ನೂ ಕರೆಸಿ, ಅವರ ಮಾತನ್ನು ಬರೆದಿಡಿ. ಬಸ್ಸು ಕರಗಿ ಕಬ್ಬಿಣವಾದರೂ, ಅದು ಓಡಿದ ದಾರಿಯ ಕಥೆಯನ್ನು ಉಳಿಸುವ ಕೆಲಸ ನಿಮ್ಮ ಕೈಯಲ್ಲಿದೆ.