ಸಣ್ಣ ಗಾಲಿಯ ಸೈಕಲ್ಲಿನ ಜಾತಕ

ಮಾರುವ ವಸ್ತುವಿಗೆ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಚಿನ್ನವಾದರೆ ಅಕ್ಕಸಾಲಿ ಹೇಳಿದ್ದೇ ಬೆಲೆ. ತಾಮ್ರದ ಹಂಡೆಯಾದರೆ ಗುಜರಿಯವನ ತಕ್ಕಡಿ ಹೇಳಿದ್ದೇ ಬೆಲೆ. ಎರಡರಲ್ಲೂ ತೂಕಕ್ಕೆ ಬೆಲೆಯೇ ಹೊರತು ವಸ್ತುವಿಗಲ್ಲ. ಆದರೆ ಕೆಲವು ವಸ್ತುಗಳಿಗೆ ತೂಕದಾಚೆಗೂ ಒಂದು ಜಾತಕವಿರುತ್ತದೆ. ಎಲ್ಲಿ ಹುಟ್ಟಿತು, ಯಾವ ವರ್ಷ, ಯಾರ ಕೈಯಲ್ಲಿ ಬಾಳಿತು ಎಂಬುದು ಗೊತ್ತಿದ್ದವರ ಮುಂದೆ ತಕ್ಕಡಿ ಹಿಡಿದವನೂ ಸ್ವಲ್ಪ ಮೆತ್ತಗಾಗುತ್ತಾನೆ. ಇದು ನನಗೆ ಮನವರಿಕೆಯಾದದ್ದು ಇಂಗ್ಲೆಂಡಿನ ಒಂದು ಹಳೆಯ ಸೈಕಲ್ಲಿನಿಂದ.

ಅದು ನನ್ನ ಸೋದರತ್ತೆಯದು. ಅತ್ತೆ 1965ರಲ್ಲಿ ನರ್ಸ್ ಆಗಿ ಬ್ರಿಸ್ಟಲ್ ನಗರಕ್ಕೆ ಹೋದವರು ಅಲ್ಲಿಯೇ ನೆಲೆ ನಿಂತರು. ಎಂಬತ್ತು ದಾಟಿದ ಮೇಲೆ ಮೆಟ್ಟಿಲು ಹತ್ತಲಾಗದೆ, ಇದ್ದ ಮನೆ ಮಾರಿ ಎರಡು ಕೋಣೆಯ ಮನೆಗೆ ಹೋಗಬೇಕಾಯಿತು. ಸಾಮಾನು ಕಟ್ಟಲು ನೆರವಾಗಲೆಂದು ಬೇಸಿಗೆ ರಜೆಯಲ್ಲಿ ನಾನು ಹೋಗಿದ್ದೆ. ಮನೆ ಖಾಲಿ ಮಾಡಿಸುವ ವ್ಯಾಪಾರಿಯೊಬ್ಬ ಹಿತ್ತಲ ಶೆಡ್ಡಿನಲ್ಲಿದ್ದ ಸೈಕಲ್ಲನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ, "ಮಕ್ಕಳ ಸೈಕಲ್ಲು, ಹತ್ತು ಪೌಂಡು ಕೊಡಬಹುದು" ಎಂದ. "ಮಕ್ಕಳದಲ್ಲ, ನಾನು ಇಪ್ಪತ್ತು ವರ್ಷ ಅದರಲ್ಲೇ ಡ್ಯೂಟಿಗೆ ಹೋದವಳು" ಎಂದರು ಅತ್ತೆ. ಆತ ನಕ್ಕು ಸುಮ್ಮನಾದ. ಆ ನಗು ಅತ್ತೆಗೆ ನಾಟಿತು. ರಾತ್ರಿ ಊಟದ ಹೊತ್ತಿಗೆ ನನಗೆ ಹೇಳಿದರು, "ಮಾರೋದು ಮಾರೋದೇ ಕಣೇ. ಆದರೆ ಅದು ಏನು ಅಂತ ತಿಳಿದುಕೊಂಡು ಮಾರೋಣ."

ತಿಳಿದುಕೊಳ್ಳಲು ಹೊರಟರೆ ಒಂದು ದೇಶದ ಚರಿತ್ರೆಯೇ ಬಿಚ್ಚಿಕೊಂಡಿತು. 1956ರಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ. ಅದರ ಹಿಂದೆಯೇ ಯುದ್ಧ, ಕಾಲುವೆ ಮುಚ್ಚಿಹೋಯಿತು, ಬ್ರಿಟನ್ನಿನಲ್ಲಿ ಪೆಟ್ರೋಲಿಗೂ ರೇಷನ್ ಬಂತು. ಕಾರಿಟ್ಟವರೂ ಸೈಕಲ್ಲಿನತ್ತ ನೋಡುವಂತಾಯಿತು. ಹಾಗೆ ನೋಡಿದವರಲ್ಲಿ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ಒಬ್ಬರು. ಬ್ರಿಸ್ಟಲ್‌ಗೆ ಹತ್ತಿರದ ಬ್ರ್ಯಾಡ್‌ಫರ್ಡ್ ಆನ್ ಏವನ್ ಎಂಬ ಸಣ್ಣ ಊರಿನವರು. ಅವರ ಮುತ್ತಜ್ಜ 1848ರಲ್ಲಿ ಅಲ್ಲಿ ರಬ್ಬರ್ ಕಾರ್ಖಾನೆ ಹಾಕಿದ್ದರು. 1959ರಲ್ಲಿ ಬಂದ ಪುಟ್ಟ ಮಿನಿ ಕಾರು ರಸ್ತೆಯ ಕುಲುಕಾಟ ತಡೆಯುವಂತೆ ರಬ್ಬರಿನ ಸಸ್ಪೆನ್ಷನ್ ಮಾಡಿಕೊಟ್ಟವರೂ ಇದೇ ಮೌಲ್ಟನ್.

ಸೈಕಲ್ಲಿಗೆ ಅಷ್ಟು ದೊಡ್ಡ ಗಾಲಿ ಏಕೆ ಬೇಕು ಎಂಬುದು ಅವರ ಪ್ರಶ್ನೆ. ಸಣ್ಣ ಗಾಲಿ ಹಗುರ, ಬೇಗ ವೇಗ ಹಿಡಿಯುತ್ತದೆ, ಮುಂದೆ ಹಿಂದೆ ಸಾಮಾನು ಹೇರಲು ಜಾಗ ಬಿಡುತ್ತದೆ. ತೊಂದರೆ ಒಂದೇ. ದೊಡ್ಡ ಗಾಲಿ ಹಾರಿಹೋಗುವ ಗುಂಡಿಯಲ್ಲಿ ಸಣ್ಣ ಗಾಲಿ ಇಳಿದುಬಿಡುತ್ತದೆ, ಸವಾರನ ಬೆನ್ನು ಮುರಿಯುತ್ತದೆ. ಅದಕ್ಕೆ ಅವರು ಹದಿನಾರು ಇಂಚಿನ ಗಾಲಿಗೆ ಗಾಳಿ ಬಿಗಿಯಾಗಿ ತುಂಬುವ ಟೈರು ಹಾಕಿ, ಮುಂದೂ ಹಿಂದೂ ರಬ್ಬರಿನ ಸಸ್ಪೆನ್ಷನ್ ಕೂರಿಸಿದರು. ಬ್ರಿಟನ್ನಿನ ಅತಿ ದೊಡ್ಡ ಸೈಕಲ್ ಕಂಪನಿಯಾದ ರ‍್ಯಾಲಿ ಇದನ್ನು ತಯಾರಿಸಲು ಒಪ್ಪಲಿಲ್ಲ. ಮೌಲ್ಟನ್ ತಮ್ಮ ಊರಿನಲ್ಲಿಯೇ ಕಾರ್ಖಾನೆ ಹಾಕಿ, 1962ರ ನವೆಂಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಸೈಕಲ್ಲನ್ನು ಜನರ ಮುಂದಿಟ್ಟರು. ಮರುತಿಂಗಳೇ ಜಾನ್ ವುಡ್‌ಬರ್ನ್ ಎಂಬ ಸವಾರ ಅದರ ಮೇಲೆ ಕಾರ್ಡಿಫ್‌ನಿಂದ ಲಂಡನ್ನಿಗೆ ಓಡಿ ಹಳೆಯ ದಾಖಲೆ ಮುರಿದ. ಮಕ್ಕಳ ಆಟಿಕೆ ಎಂದು ನಕ್ಕವರ ಬಾಯಿ ಮುಚ್ಚಿತು.

ನನಗೆ ಇದರಲ್ಲಿ ಹೆಚ್ಚು ಹಿಡಿಸಿದ ಸಂಗತಿ ದಾಖಲೆಯಲ್ಲ, ಕಂಬಿ. ಗಂಡಸರ ಸೈಕಲ್ಲಿಗೆ ಸೀಟಿನಿಂದ ಹ್ಯಾಂಡಲ್ಲಿನವರೆಗೆ ಒಂದು ಅಡ್ಡಕಂಬಿ ಇರುತ್ತದಲ್ಲ, ಅದರೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ. ಕಂಬಿಯಿಲ್ಲದ್ದು ಲೇಡೀಸ್ ಸೈಕಲ್ಲು, ಅದನ್ನು ಗಂಡಸರು ಮುಟ್ಟರು. ಮೌಲ್ಟನ್ ಸೈಕಲ್ಲಿಗೆ ಕೆಳಗೆ ಒಂದೇ ದಪ್ಪ ಕೊಳವೆ, ಮೇಲೆ ಏನೂ ಇಲ್ಲ. ಎಫ್ ಅಕ್ಷರವನ್ನು ಮಗ್ಗುಲಾಗಿ ಮಲಗಿಸಿದ ಹಾಗೆ ಕಾಣುತ್ತದೆ. ಸೀಟು ಏರಿಸಿ ಇಳಿಸಿಕೊಂಡರೆ ಗಂಡ ಹೆಂಡತಿ ಇಬ್ಬರಿಗೂ ಅದೇ ಸೈಕಲ್ಲು. ಡ್ಯೂಟಿ ಇಲ್ಲದ ದಿನ ಅತ್ತೆ ಸೀರೆ ಉಟ್ಟು, ಮೇಲೆ ಕೋಟು ತೊಟ್ಟು, ಇದರಲ್ಲೇ ಮಾರುಕಟ್ಟೆಗೆ ಹೋಗುತ್ತಿದ್ದರಂತೆ.

ಸೈಕಲ್ಲು ಚೆನ್ನಾಗಿ ಮಾರಾಟವಾದದ್ದನ್ನು ಕಂಡು ರ‍್ಯಾಲಿಯವರು 1965ರಲ್ಲಿ ತಮ್ಮದೇ ಸಣ್ಣ ಗಾಲಿಯ ಆರ್‌ಎಸ್‌ಡಬ್ಲ್ಯೂ ಬಿಟ್ಟರು. ಸಸ್ಪೆನ್ಷನ್ ಇಲ್ಲ, ಬದಲಿಗೆ ದಪ್ಪನೆಯ ಮೆತ್ತನೆಯ ಟೈರು. ನೋಡಲು ಸೊಗಸು, ತುಳಿಯಲು ಭಾರ. ಕೊನೆಗೆ 1967ರಲ್ಲಿ ಅವರು ಮೌಲ್ಟನ್ ಸೈಕಲ್ ವ್ಯವಹಾರವನ್ನೇ ಕೊಂಡುಕೊಂಡರು. 1968ರಲ್ಲಿ ಇಪ್ಪತ್ತು ಇಂಚಿನ ಗಾಲಿಯ ರ‍್ಯಾಲಿ ಟ್ವೆಂಟಿ ಬಂದು ಮನೆಮಾತಾಯಿತು. ಹಳೆಯ ಮಾದರಿಯ ಮೌಲ್ಟನ್ 1974ರಲ್ಲಿ ನಿಂತಿತು. ಪಟ್ಟು ಬಿಡದ ಅಲೆಕ್ಸ್ ಮೌಲ್ಟನ್ 1983ರಲ್ಲಿ ತೆಳು ಕೊಳವೆಗಳನ್ನು ಹೆಣೆದ ಹೊಸ ಚೌಕಟ್ಟಿನೊಂದಿಗೆ ಮತ್ತೆ ಸೈಕಲ್ಲು ತಂದರು. 2012ರಲ್ಲಿ ತೀರಿಕೊಂಡರು.

ಇಷ್ಟು ಗೊತ್ತಾದ ಮೇಲೆ ಶೆಡ್ಡಿನಲ್ಲಿ ಪರೀಕ್ಷೆ ಸುಲಭವಾಯಿತು. ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಿದೆವು, ಅಷ್ಟೇ. ಹಳೆಯ ವಸ್ತುವಿಗೆ ಹೊಸ ಬಣ್ಣ ಹೊಡೆದರೆ ಕೊಳ್ಳುವವರ ಕಣ್ಣಿಗೆ ಬೆಲೆ ಇಳಿಯುತ್ತದೆ. ಮೂಲ ಬಣ್ಣ, ಅದರ ಮೇಲಿನ ಮೂಲ ಹೆಸರಿನ ಅಂಟುಚಿತ್ರ ಅರ್ಧ ಅಳಿಸಿದ್ದರೂ ಸಾಕ್ಷಿಯೇ. ಮುಂದಿನ ಫೋರ್ಕಿನ ಮೇಲೆ ಮಡಿಕೆಮಡಿಕೆಯಾದ ರಬ್ಬರಿನ ಕವಚ, ಹಿಂದಿನ ಫೋರ್ಕು ಚೌಕಟ್ಟಿಗೆ ಸೇರುವಲ್ಲಿ ರಬ್ಬರಿನ ಗಟ್ಟಿ ಇದ್ದುದರಿಂದ ಇದು ಮೌಲ್ಟನ್ ಎಂಬುದು ಖಚಿತ. ಟೈರೂ ಸುಳಿವು ಕೊಡುತ್ತದೆ. ಮೌಲ್ಟನ್‌ಗೂ ಆರ್‌ಎಸ್‌ಡಬ್ಲ್ಯೂಗೂ ಹದಿನಾರು ಇಂಚು ಎಂದೇ ಹೆಸರು, ಆದರೆ ಮೊದಲನೆಯದರ ರಿಮ್ಮಿನ ಅಳತೆ 349 ಮಿಲಿಮೀಟರ್, ಎರಡನೆಯದು 305. ಒಂದರ ಟೈರು ಇನ್ನೊಂದಕ್ಕೆ ಕೂರದು. 349ರ ಅಳತೆಯನ್ನೇ ಮಡಿಸುವ ಬ್ರಾಂಪ್ಟನ್ ಸೈಕಲ್ಲೂ ಬಳಸುವುದರಿಂದ ಹೊಸ ಟೈರು ಸಿಗುತ್ತದೆ. ಕೊಳ್ಳುವವರಿಗೆ ಇದೂ ಒಂದು ಸಮಾಧಾನ.

ವಯಸ್ಸು ಹೇಳುವುದು ಹಿಂದಿನ ಗಾಲಿಯ ನಡುವಿನ ಹಬ್ಬು. ಗೇರು ಅದರೊಳಗೇ ಅಡಗಿರುತ್ತದೆ. ನಾಟಿಂಗ್‌ಹ್ಯಾಮ್ ನಗರದ ಸ್ಟರ್ಮಿ ಆರ್ಚರ್ ಕಂಪನಿ ತನ್ನ ಹಬ್ಬುಗಳ ಮೇಲೆ ವರ್ಷವನ್ನೂ ತಿಂಗಳನ್ನೂ ಒತ್ತುತ್ತಿತ್ತು. ಎಣ್ಣೆಜಿಡ್ಡು ತೆಗೆದಾಗ ಎಫ್‌ಡಬ್ಲ್ಯೂ ಎಂಬ ಅಕ್ಷರ, ಪಕ್ಕದಲ್ಲಿ 64 ಕಂಡಿತು. ಅಂದರೆ ನಾಲ್ಕು ಗೇರಿನ ಹಬ್ಬು, 1964ರದ್ದು. ಆದರೆ ಗಾಲಿ ಬದಲಾಗಿರಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ, ಚೌಕಟ್ಟಿನ ಮೇಲಿನ ನಂಬರನ್ನೂ ಬರೆದುಕೊಳ್ಳಬೇಕು. ಅಲ್ಲಿ ಮೌಲ್ಟನ್ ಸವಾರರ ಕ್ಲಬ್ಬೇ ಇದೆ. ಅದರ ಹಿರಿಯ ಸದಸ್ಯರೊಬ್ಬರು ನಂಬರು, ಫೋಟೋ ನೋಡಿ ವರ್ಷ ಸರಿ ಎಂದರು, ಡಿಲಕ್ಸ್ ಮಾದರಿ ಎಂದೂ ಹೇಳಿದರು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು. ಮೊದಲ ವರ್ಷಗಳ ಮೌಲ್ಟನ್‌ಗಳಲ್ಲಿ ಹಿಂದಿನ ಫೋರ್ಕು ಬಿರುಕು ಬಿಡುವುದುಂಟು, ಬೆಲೆ ಹೇಳುವ ಮುಂಚೆ ಅದನ್ನು ನೋಡಿ. ಟಾರ್ಚ್ ಹಿಡಿದು ನೋಡಿದೆವು. ಬಿರುಕಿರಲಿಲ್ಲ, ರಬ್ಬರು ಮಾತ್ರ ಗಟ್ಟಿಯಾಗಿತ್ತು.

ಇನ್ನು ಬೆಲೆ. ಜಾಹೀರಾತಿನಲ್ಲಿ ಜನ ಕೇಳುವ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ಮದುವೆ ಮನೆಯಲ್ಲಿ ಸೀರೆಗೆ ಹೇಳುವ ಬೆಲೆಗೂ ಅಂಗಡಿಯ ಬಿಲ್ಲಿಗೂ ಇರುವ ಅಂತರವೇ ಇಲ್ಲೂ. ಆದ್ದರಿಂದ ಅದೇ ಮಾದರಿಯ, ಅದೇ ಸ್ಥಿತಿಯ ಸೈಕಲ್ಲುಗಳು ಹರಾಜಿನಲ್ಲಿ ನಿಜವಾಗಿ ಮಾರಿಹೋದ ಮೊತ್ತವನ್ನಷ್ಟೇ ಹೋಲಿಸಿದೆವು. ಎರಡು ತುಂಡಾಗಿ ಬಿಚ್ಚಿ ಕಾರಿನಲ್ಲಿಡಬಹುದಾದ ಸ್ಟೋಅವೇ, ಓಟದ ಸ್ಪೀಡ್ ಮಾದರಿಗಳಿಗೆ ಬೇಡಿಕೆ ಹೆಚ್ಚು. ಅತ್ತೆಯದು ಅಷ್ಟು ಅಪರೂಪವಲ್ಲ. ಆದರೆ ಮೂಲ ಕ್ಯಾರಿಯರ್, ಪಂಪು, ಸೀಟು ಎಲ್ಲ ಇದ್ದವು. ಅದನ್ನು ಕೊಂಡದ್ದಕ್ಕೆ ವಾರ್ಡಿನ ಸಿಸ್ಟರ್ 1966ರಲ್ಲಿ ಬರೆದುಕೊಟ್ಟ ಚೀಟಿಯನ್ನೂ ಅತ್ತೆ ಔಷಧದ ಡಬ್ಬಿಯಿಂದ ತೆಗೆದರು. ಕೊನೆಗೆ ಬಾತ್ ನಗರದ ಒಬ್ಬ ತರುಣಿ 170 ಪೌಂಡು ಕೊಟ್ಟು ಒಯ್ದಳು. ರಬ್ಬರು ಬದಲಿಸಿ ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ ಎಂದಳು.

ಹಣ ಭಾರಿ ಮೊತ್ತವೇನಲ್ಲ. ಹತ್ತು ಪೌಂಡಿಗೇ ಹೋಗಿದ್ದರೂ ಅತ್ತೆ ಬಡವರಾಗುತ್ತಿರಲಿಲ್ಲ. ಆದರೆ ಆಗ ಅವರ ಇಪ್ಪತ್ತು ವರ್ಷದ ರಾತ್ರಿಪಾಳಿ, ಮಂಜು, ಮಳೆ ಎಲ್ಲವೂ "ಮಕ್ಕಳ ಸೈಕಲ್ಲು" ಎಂಬ ಎರಡು ಮಾತಿನಲ್ಲಿ ಗುಜರಿಗೆ ಸೇರುತ್ತಿದ್ದವು. ನಮ್ಮ ಅಟ್ಟಗಳಲ್ಲೂ ಹೊಲಿಗೆ ಯಂತ್ರ, ರೇಡಿಯೋ, ಹಾರ್ಮೋನಿಯಂ ಹೀಗೆಯೇ ಕಾಯುತ್ತಿವೆ. ತೂಗುವವನನ್ನು ಕರೆಯುವ ಮೊದಲು ಅವುಗಳ ಹೊಟ್ಟೆಯಡಿ ತಿರುಗಿಸಿ ನಂಬರು ಓದಿ, ಮನೆಯ ಹಿರಿಯ ಹೆಂಗಸಿನ ಪಕ್ಕ ಕುಳಿತು ಕೇಳಿ ಬರೆದುಕೊಳ್ಳಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲಿನ ಮಾತು.