ಗೋಣಿಚೀಲದ ಬೆಕ್ಕು

ಕೃಷ್ಣದೇವರಾಯನ ರಾಜಧಾನಿಯಲ್ಲಿ ಇಲಿಗಳ ಕಾಟ ಹೆಚ್ಚಿದಾಗ ಮನೆಗೊಂದು ಬೆಕ್ಕಿನ ಮರಿ, ಅದರ ಹಾಲಿಗೆಂದು ಒಂದು ಹಸು ಹಂಚಿದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ತೆನ್ನಾಲಿ ರಾಮಕೃಷ್ಣ ಮೊದಲ ದಿನವೇ ಸುಡುಸುಡು ಹಾಲಿಟ್ಟು ಮರಿಯ ಬಾಯಿ ಸುಟ್ಟ. ಮುಂದೆ ಅದು ಹಾಲಿನ ಬಟ್ಟಲು ಕಂಡರೆ ಓಟ ಕೀಳುತ್ತಿತ್ತು. ಹಾಲೆಲ್ಲ ಮನೆಯವರ ಪಾಲಾಯಿತು. ಇದು ನಕ್ಕು ಮರೆಯುವ ಕಥೆಯೇ ಸರಿ. ಆದರೆ ಹಂಚಿದ ಆ ಮರಿಗಳು ಬೆಳೆದು ತಾವೂ ಮರಿ ಹಾಕಿದ ಮೇಲೆ ವಿಜಯನಗರದವರು ಏನು ಮಾಡಿದರು ಎಂಬುದನ್ನು ಕಥೆ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಭಾಗವೇ ಇಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಹೌಸಿಂಗ್ ಸೊಸೈಟಿಗಳ ಸಭೆಗಳಲ್ಲಿ ‘ಇತರ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ಬಂದು ಕೂರುತ್ತದೆ. ಎಲ್ಲರೂ ಏಳುವ ಹೊತ್ತಿಗೆ ಜಗಳ ಆರಂಭವಾಗುತ್ತದೆ.

ನಮ್ಮ ಊರುಗಳಲ್ಲಿ ಬೆಕ್ಕನ್ನು ಕೊಲ್ಲುವವರಿರಲಿಲ್ಲ. ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಪೂರ್ತಿ ಹೋಗದು ಎಂಬ ಅಂಜಿಕೆ. ಹಾಗಾಗಿ ಉಪಾಯವಿದ್ದುದು ಗೋಣಿಚೀಲ. ಮರಿಗಳನ್ನು ಚೀಲಕ್ಕೆ ತುಂಬಿ, ದಾರಿ ತಿಳಿಯಬಾರದೆಂದು ಬಾಯಿ ಕಟ್ಟಿ, ಹೊಳೆಯಾಚೆ ಬಿಟ್ಟು ಬರುವುದು. ಹೊಳೆಯಾಚೆ ಇನ್ನೊಂದು ಊರು, ಅಲ್ಲೊಂದು ಕಣಜ, ಒಂದಿಷ್ಟು ಇಲಿ ಇರುತ್ತಿದ್ದವು, ಕೆಲವು ಬದುಕುತ್ತಿದ್ದವು. ಊರು ಬಿಟ್ಟು ಇಲ್ಲಿಗೆ ಬಂದ ನಾವು ಈ ಚೀಲವನ್ನೂ ಜೊತೆಗೆ ತಂದೆವು. ಡೊಂಬಿವಲಿ ಪೂರ್ವದವರು ಹಳಿ ದಾಟಿಸಿ ಪಶ್ಚಿಮದಲ್ಲಿ ಬಿಡುತ್ತಾರೆ, ಪಶ್ಚಿಮದವರಿಗೆ ಪೂರ್ವವಿದೆ. ವಾಶಿಯ ಸಗಟು ಮಾರುಕಟ್ಟೆ ಎಲ್ಲರಿಗೂ ಹೊಳೆಯಾಚೆಯ ಊರು. ಪಾಪ ತಟ್ಟದಂತೆ ಮಾಡಿದ ಈ ಏರ್ಪಾಡಿನಲ್ಲಿ ಪಾಪ ಬೆಕ್ಕಿನ ಕಡೆಯೇ ಉಳಿಯುತ್ತದೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕು ಅಲ್ಲಿನ ಬೆಕ್ಕುಗಳಿಂದ ಕಚ್ಚಿಸಿಕೊಂಡು, ರಸ್ತೆ ದಾಟಲು ಹೋಗಿ, ಹಸಿದು ಸಾಯುವುದೇ ಹೆಚ್ಚು.

ಮುಂಬಯಿ ಪ್ರಾಂತದಲ್ಲಿ ಬೀದಿ ಪ್ರಾಣಿಗಳ ಜಗಳಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದು ಬೆಕ್ಕಿನಿಂದಲ್ಲ, ನಾಯಿಯಿಂದ ತೊಡಗಿತು. ಕಂಪೆನಿ ಸರಕಾರ ಬೀದಿನಾಯಿ ಕೊಂದವರಿಗೆ ತಲಾ ಎಂಟಾಣೆ ಕೊಡುತ್ತಿತ್ತು. ಎಂಟಾಣೆಯ ಆಸೆಗೆ ಮನೆಯಂಗಳದ ನಾಯಿಗಳಿಗೂ ದೊಣ್ಣೆ ಬಿತ್ತು. 1832ರ ಜೂನ್ ತಿಂಗಳಲ್ಲಿ ಕೋಟೆಯೊಳಗಿನ ಪಾರಸಿಗಳು ಎದುರು ನಿಂತರು. ಜೈನರು, ಹಿಂದೂಗಳು ಕೂಡಿಕೊಂಡರು. ಅಂಗಡಿ ಮುಚ್ಚಿತು, ಸಿಪಾಯಿಗಳ ದಂಡಿಗೆ ಹೋಗುವ ರೊಟ್ಟಿ ನೀರು ನಿಂತಿತು, ಕೊನೆಗೆ ಸೈನ್ಯ ಬಂತು. ಇದರ ಬೆನ್ನಿಗೇ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಜೈನ ಶೇಟರ ದಾನದಿಂದ ಭೂಲೇಶ್ವರದ ಪಾಂಜರಾಪೋಳ ಎದ್ದಿತು. ಕೊಲ್ಲುವುದು ಒಂದು ಕಡೆ, ಕೂಡಿಹಾಕಿ ಸಾಕುವುದು ಇನ್ನೊಂದು ಕಡೆ. ಮುಂದೆ ನೂರೈವತ್ತು ವರ್ಷ ಪೇಟೆಯ ಬುದ್ಧಿ ಈ ಎರಡರ ನಡುವೆಯೇ ಓಲಾಡಿತು. ಹುಟ್ಟುವುದನ್ನೇ ಕಡಿಮೆ ಮಾಡಬಹುದೆಂದು ಯಾರಿಗೂ ತೋಚಲಿಲ್ಲ. ಆಗ ಅದಕ್ಕೆ ಬೇಕಾದ ವೈದ್ಯವೂ ಇರಲಿಲ್ಲವೆನ್ನಿ.

ಬೆಕ್ಕಿಗೆ ಮಾನ ಬಂದದ್ದು ಪ್ಲೇಗಿನ ಕಾಲದಲ್ಲಿ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಧಾನ್ಯದ ಗೋದಾಮುಗಳ ಸುತ್ತ ಜ್ವರ ಕಾಣಿಸಿತು; ಡಾ. ವಿಯೇಗಸ್ ಅದನ್ನು ಪ್ಲೇಗೆಂದು ಗುರುತಿಸಿದರು. ಜನ ಊರು ಬಿಟ್ಟು ಓಡಿದರು. ಹಾಗೆ ಓಡುವವರನ್ನು ರೈಲಿನಿಂದ ಇಳಿಸಿ, ಸಾಲಾಗಿ ನಿಲ್ಲಿಸಿ, ಕಂಕುಳು ಮುಟ್ಟಿ ತಪಾಸಣೆ ಮಾಡುತ್ತಿದ್ದ ಜಾಗಗಳಲ್ಲಿ ನಮ್ಮ ಕಲ್ಯಾಣ ಜಂಕ್ಷನ್ನೂ ಒಂದು. ಇಂದು ಎಂಟು ಗಂಟೆಯ ಫಾಸ್ಟ್ ಲೋಕಲಿಗೆ ನುಗ್ಗುವ ನಮಗೆ ಇದು ನೆನಪಾಗುವುದಿಲ್ಲ. ಎರಡು ವರ್ಷದೊಳಗೆ ರೋಗ ಹುಬ್ಬಳ್ಳಿ, ಬೆಂಗಳೂರುಗಳಲ್ಲೂ ಇತ್ತು. ‘ಇಲಿ ಬಿತ್ತು’ ಎಂದೊಡನೆ ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲಿಗೆ ಹೋದ ಕಥೆ ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಉಳಿದು ಬಂದಿದೆ.

1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ತೋರಿಸಿದ. ಸರಿ, ಇಲಿಯೇ ಶತ್ರುವಾದರೆ ಬೆಕ್ಕು ಮಿತ್ರನಾಗಲೇಬೇಕಲ್ಲ! ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಬುಕಾನನ್ ಎಂಬವರು ಬೆಕ್ಕುಗಳು ಹೆಚ್ಚಿರುವ ಮನೆಗಳಲ್ಲಿ ಪ್ಲೇಗು ಕಡಿಮೆ ಎಂದು ಕಂಡು, 1908ರ ಸುಮಾರಿಗೆ ‘ಬೆಕ್ಕು ಸಾಕಿರಿ’ ಎಂದು ಬರೆದರು. ಅದೇ ವರ್ಷ ಜಪಾನಿಗೆ ಹೋಗಿದ್ದ ರಾಬರ್ಟ್ ಕಾಖ್ ಕೂಡ ಅಲ್ಲಿನವರಿಗೆ ಇದೇ ಸಲಹೆ ಕೊಟ್ಟ. ರಾಯರ ಆಸ್ಥಾನದ ಯೋಜನೆ ಇಂಗ್ಲಿಷಿನಲ್ಲಿ ಮತ್ತೆ ಹೊರಟಿತು. ಹಸು ಮಾತ್ರ ಇರಲಿಲ್ಲ.

ಬೆಕ್ಕಿನ ಪರವಾಗಿ ಮಾತಾಡುವವರು ಇಂದಿಗೂ ಇದನ್ನೇ ಹೇಳುತ್ತಾರೆ: ಬೆಕ್ಕು ಹೋದರೆ ಇಲಿ ಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಮರಿ ಇಲಿ, ಸುಂಡಿಲಿಯನ್ನು ಬೆಕ್ಕು ಹಿಡಿಯುತ್ತದೆ. ಅದರ ವಾಸನೆಗೆ ಇಲಿ ಬಿಲ ಬಿಟ್ಟು ಹೊರಬರಲು ಹಿಂಜರಿಯುತ್ತದೆ. ಆದರೆ ನಮ್ಮ ಗಟಾರದ ಹೆಗ್ಗಣದ ಮುಂದೆ ಬೆಕ್ಕಿನ ಪೌರುಷ ಅಷ್ಟಕ್ಕಷ್ಟೆ. ನ್ಯೂಯಾರ್ಕಿನ ಒಂದು ಕಸದ ಘಟಕದಲ್ಲಿ ಕೆಲವು ವರ್ಷಗಳ ಹಿಂದೆ 79 ದಿನ ಕ್ಯಾಮರಾ ಇಟ್ಟು ನೋಡಿದಾಗ ಬೆಕ್ಕುಗಳು ಕೊಂದದ್ದು ಎರಡೇ ಹೆಗ್ಗಣ! ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ಬರಬಹುದು ಎಂಬುದು ಬುಕಾನನ್ ಕಾಲಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಹೆಗ್ಗಣಕ್ಕೂ ಬೆಕ್ಕಿಗೂ ಊಟ ಹಾಕುತ್ತಿರುವುದು ಒಂದೇ ಕೈ, ಬಾಯಿ ತೆರೆದಿಟ್ಟ ಕಸದ ಡಬ್ಬ.

ಇನ್ನು ಕೊಂದೇ ಮುಗಿಸುವ ದಾರಿ. ಮದ್ರಾಸಿನಲ್ಲಿ ಬ್ರಿಟಿಷರ ಕಾಲದಿಂದ ನಾಯಿ ಕೊಲ್ಲುತ್ತ ಬಂದರು. ಕೊನೆಕೊನೆಗೆ ದಿನಕ್ಕೆ ನೂರಕ್ಕೂ ಹೆಚ್ಚು. ನಾಯಿ ಕಡಿಮೆಯಾಗಲಿಲ್ಲ. ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆಯ ದಾರಿ ತೋರಿಸಿತ್ತು; ಕಾರ್ಪೊರೇಶನ್ ಒಪ್ಪಿದ್ದು 1996ರಲ್ಲಿ. ಮುಂಬಯಿ ಅದಕ್ಕಿಂತ ಎರಡು ವರ್ಷ ಮೊದಲೇ, 1994ರಲ್ಲಿ, ಕೊಲ್ಲುವುದನ್ನು ಕೈಬಿಟ್ಟಿತ್ತು.

ಬೆಕ್ಕಿನ ವಿಷಯದಲ್ಲಿ ಈ ಪಾಠ ಇನ್ನೂ ಸ್ಪಷ್ಟ. 1970ರ ದಶಕದಲ್ಲಿ ಇಂಗ್ಲೆಂಡಿನ ಆಸ್ಪತ್ರೆ, ಕಾರ್ಖಾನೆಗಳ ಆವರಣದ ಬೆಕ್ಕುಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದಲ್ಲೇ ಬಿಡುವ ಪದ್ಧತಿ ಬೆಳೆಯಿತು. ಹಿಡಿದಲ್ಲೇ ಬಿಡುವುದೇಕೆಂದು ಸೊಸೈಟಿಯವರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಲಂಡನ್ನಿನ ಬೆಕ್ಕುಗಳನ್ನು ವರ್ಷಗಟ್ಟಲೆ ಗಮನಿಸಿದ ರೋಜರ್ ಟೇಬರ್ 1983ರ ತನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟ. ಅನ್ನವಿರುವ ಜಾಗದಿಂದ ಬೆಕ್ಕನ್ನು ತೆಗೆದರೆ ಜಾಗ ತೆರವಾಗುತ್ತದೆ, ಅನ್ನ ಹಾಗೇ ಇರುತ್ತದೆ. ಪಕ್ಕದ ಬೆಕ್ಕು ಬಂದು ಸೇರುತ್ತದೆ, ಅದು ಮರಿ ಹಾಕುತ್ತದೆ. ಶಸ್ತ್ರಚಿಕಿತ್ಸೆಯಾದ ಹಳೆಯ ಬೆಕ್ಕು ಅಲ್ಲೇ ಇದ್ದರೆ ತನ್ನ ಜಾಗವನ್ನು ಒಂದಿಷ್ಟಾದರೂ ಕಾಯುತ್ತದೆ, ಮರಿ ಹಾಕುವುದಿಲ್ಲ. ನಮ್ಮ ಗೋಣಿಚೀಲದ ಲೆಕ್ಕ ತಪ್ಪಿದ್ದು ಇಲ್ಲಿಯೇ.

ಬೆಕ್ಕು ನಿರಪರಾಧಿಯೆಂದು ನಾವು ವಾದಿಸುತ್ತಿಲ್ಲ. ದಕ್ಷಿಣ ಸಮುದ್ರದ ಮೇರಿಯನ್ ದ್ವೀಪಕ್ಕೆ ಇಲಿ ಹಿಡಿಯಲೆಂದು 1949ರಲ್ಲಿ ಒಯ್ದ ಬೆಕ್ಕುಗಳು ಐದೇ ಐದು. 1977ರ ಹೊತ್ತಿಗೆ ಅವು ಮೂರು ಸಾವಿರ ದಾಟಿ, ವರ್ಷಕ್ಕೆ ಲಕ್ಷಗಟ್ಟಲೆ ಕಡಲಹಕ್ಕಿಗಳನ್ನು ತಿನ್ನುತ್ತಿದ್ದವು. ರೋಗ ಹಬ್ಬಿಸಿ, ಗುಂಡಿಟ್ಟು ಕೊನೆಗಾಣಿಸಲು 1991ರವರೆಗೆ ಹಿಡಿಯಿತು. ಅದು ನಡುಗಡ್ಡೆ, ಹೊರಗಿನಿಂದ ಇನ್ನೊಂದು ಬೆಕ್ಕು ಬರಲಾರದು. ಕಲ್ಯಾಣದಲ್ಲಿ ಹಾಗಿಲ್ಲ. ಆದರೂ ಐದು ಮೂರು ಸಾವಿರವಾದ ಲೆಕ್ಕವನ್ನು ದಿನವೂ ಮೀನಿನ ತಲೆ ಹಾಕಿ ಶಸ್ತ್ರಚಿಕಿತ್ಸೆಗೆ ಮಾತ್ರ ‘ಅಯ್ಯೋ ಪಾಪ’ ಎನ್ನುವವರು ನೆನಪಿಡಬೇಕು. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು. ಎರಡು ತಿಂಗಳಿಗೆ ಹೆರಿಗೆ. ವರ್ಷಕ್ಕೆ ಎರಡು ಮೂರು ಸಲ. ಮಳೆಗಾಲದಲ್ಲಿ ಸ್ಕೂಟರಿನ ಕೆಳಗೆ, ಮೀಟರ್ ಪೆಟ್ಟಿಗೆಯ ಹಿಂದೆ ಸಾಯುವ ಮರಿಗಳ ಸಂಕಟಕ್ಕೆ ಈ ಪುಣ್ಯವಂತರೂ ಪಾಲುದಾರರು. ಹೊದಿಕೆಯಲ್ಲಿ ಉಚ್ಚೆಯ ನಾತ ಬಂತೆಂದು ಸಿಟ್ಟಾಗುವ ನೆರೆಯವರನ್ನು ಕಟುಕರೆನ್ನುವುದೂ ನ್ಯಾಯವಲ್ಲ.

ಕಾನೂನು ಈಗ ತಕ್ಕಮಟ್ಟಿಗೆ ಸ್ಪಷ್ಟವಿದೆ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಎತ್ತಿದ ವಿಷಯ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆಯಾಯಿತು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅದರಲ್ಲಿ ಅಪರಾಧ. ಸಾಕಿದ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ಒಯ್ಯುವವರು ಓದಿಕೊಳ್ಳಬೇಕಾದ ಕಲಮು. 2001ರ ಸಂತಾನ ನಿಯಂತ್ರಣ ನಿಯಮಗಳು ನಾಯಿಗಳಿಗೆ ಮಾತ್ರವಿದ್ದವು. ಅವುಗಳ ಜಾಗದಲ್ಲಿ ಬಂದ 2023ರ ನಿಯಮಗಳು ಯಾರ ಒಡೆತನವೂ ಇಲ್ಲದೆ ಕೇರಿಯಲ್ಲೇ ಹುಟ್ಟಿದ ಪ್ರಾಣಿಗಳನ್ನು ಸಮುದಾಯದ ಪ್ರಾಣಿಗಳೆಂದು ಕರೆದಿವೆ. ಅನ್ನ ಹಾಕುವ ಜಾಗವನ್ನು ಮಕ್ಕಳು ಆಡುವಲ್ಲಿಂದಲೂ ಮೆಟ್ಟಿಲ ಬುಡದಿಂದಲೂ ದೂರ ಗೊತ್ತುಮಾಡುವ ಹೊಣೆ ನಿವಾಸಿಗಳ ಸಂಘದ್ದು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆ ಇಲ್ಲಿ ಅಷ್ಟು ಕಷ್ಟದ್ದಲ್ಲ. ದಿನಾ ಅನ್ನ ಹಾಕುವವರ ಕೈಗೇ ಬೆಕ್ಕು ಸಿಗುವುದು; ಖರ್ಚು ಸೊಸೈಟಿಯದು, ಹಿಡಿಯುವುದು ಅವರದು ಎಂದು ಹಂಚಿಕೊಂಡರೆ ಆಯಿತು. ಹೊತ್ತು ಗೊತ್ತಾಗಿ ಅನ್ನ ಹಾಕಿ, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಬೇಕು. ಹಿಂದಿನ ದಿನ ಉಪವಾಸವಿಟ್ಟರೆ ಬೋನಿಗೆ ತಾನೇ ಬರುತ್ತದೆ. ಒಂದು ಬೆಕ್ಕಿಗೆ ಮಾಡಿಸಿ ನಿಲ್ಲಿಸಿದರೆ ಮಾಡಿಸಿದ್ದು ವ್ಯರ್ಥ. ಆವರಣದ ಬಹುಪಾಲು ಬೆಕ್ಕುಗಳಿಗೆ ಒಂದೇ ಋತುವಿನಲ್ಲಿ, ರೇಬಿಸ್ ಚುಚ್ಚುಮದ್ದಿನ ಸಹಿತ, ಆಗಬೇಕು. ಮರಿಗೆ ಹಾಲೂಡಿಸುತ್ತಿರುವ ತಾಯಿಯನ್ನು ಮರಿಗಳು ತಿನ್ನಲು ಕಲಿಯುವವರೆಗೆ ಬಿಡಬೇಕು. ಕಿವಿಯ ತುದಿ ನೇರವಾಗಿ ಕತ್ತರಿಸಿದ ಬೆಕ್ಕು ಕಂಡರೆ ಅದಕ್ಕೆ ಆಗಲೇ ಆಗಿದೆ, ಮತ್ತೆ ಹಿಡಿಯಬೇಕಾಗಿಲ್ಲ.